ಎಡಕ್ಕೆ ಪೈಪಿಟ್ಟ ಟ್ಯಾಂಕು

ಇದು ನಿಜವಾಗಿ ನಡೆದ ಕಥೆ ಎಂದರೆ ಸುಳ್ಳಾಗುತ್ತದೆ. ನಿಜವಾಗಿ ಹಾರಿದ ಕಥೆ. ಹಾರಿದ್ದೂ ನೆಟ್ಟಗಲ್ಲ, ಗುಂಡಗೆ. ನಮ್ಮ ಕ್ಲಬ್ಬಿನ ಪುಟ್ಟ ವಿಮಾನಗಳಿಗೆ ರೆಕ್ಕೆ ಇದೆ, ಸ್ವಾತಂತ್ರ್ಯ ಇಲ್ಲ. ರೆಕ್ಕೆಯ ತುದಿಯಿಂದ ಹೊರಟ ಎರಡು ಸಣ್ಣ ತಂತಿಗಳು ಮೈದಾನದ ನಡುವೆ ನಿಂತವರ ಕೈಯ ಹಿಡಿಗೆ ಬಂದು ಸೇರುತ್ತವೆ. ವಿಮಾನ ಸುತ್ತುತ್ತದೆ, ಹಿಡಿದವರೂ ನಿಂತಲ್ಲೇ ಅದರ ಜೊತೆ ತಿರುಗುತ್ತಾರೆ. ತಿರುಗುವುದು ಎಡಕ್ಕೆ. ಯಾಕೆ ಎಡಕ್ಕೆ ಎಂದು ಕೇಳಿದವರಿಗೆ ಅಧ್ಯಕ್ಷರು, ಅಂದರೆ ನಮ್ಮ ಸೋದರಮಾವ, "ಯಾಕಂದ್ರೆ ಎಡಕ್ಕೆ" ಎನ್ನುತ್ತಿದ್ದರು.

ಮಾವ ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟರಾಗಿ ನಿವೃತ್ತರಾದವರು. ಪಕ್ಕದ ಸೀಟಿನಲ್ಲಿ ಕೂತು ಊರಿನ ಅರ್ಧ ಜನಕ್ಕೆ ಬ್ರೇಕ್ ಹಾಕಿದವರು. ಪ್ರತಿ ಮಾತಿಗೆ ಮುಂಚೆ ಒಂದು "ಹ್ಹಮ್", ಕೊನೆಗೊಂದು "ತಿಳೀತಲ್ಲ?" ನಾನೋ, ಕಾಲೇಜಿನಲ್ಲಿ ಪದವಿಗಿಂತ ಮೊದಲು ಪ್ರಿನ್ಸಿಪಾಲರ ಕೆಮ್ಮನ್ನು ಅವರದೇ ದನಿಯಲ್ಲಿ ಕೆಮ್ಮಲು ಕಲಿತವನು. ಕ್ಲಬ್ಬಿನ ಮೈಕನ್ನು ನನ್ನ ಕೈಗೆ ಕೊಡುವಾಗ ಮಾವ ಸ್ವಲ್ಪ ಯೋಚಿಸಬೇಕಿತ್ತು.

ತಕರಾರು ಶುರುವಾದದ್ದು ಅಕ್ಕನ ಕಿವಿಯಿಂದ. ಜ್ವರ ಬಂದು ಒಂದು ಕಿವಿ ಕೆಟ್ಟ ಮೇಲೆ, ಎಡಕ್ಕೆ ನಾಲ್ಕು ಸುತ್ತು ತಿರುಗಿದರೆ ಸಾಕು, ಅವಳಿಗೆ ನೆಲವೇ ಎದ್ದು ಬಂದ ಹಾಗಾಗುತ್ತಿತ್ತು. ಬಲಕ್ಕೆ ಎಷ್ಟು ತಿರುಗಿದರೂ ಏನೂ ಇಲ್ಲ. ಹಾಗಾದರೆ ಬಲಕ್ಕೇ ಹಾರಿಸುತ್ತೇನೆ ಎಂದಳು.

"ಬೇಡಮ್ಮ, ಕೂತ್ಕೊಂಡು ನೋಡು. ಚಪ್ಪಾಳೆ ಹೊಡೆಯೋಕೂ ಜನ ಬೇಕಲ್ಲ" ಅಂದರು ಮಾವ.

"ಗಡಿಯಾರ ಬಲಕ್ಕೇ ತಿರುಗುತ್ತೆ ಮಾವ. ಅದನ್ನೂ ಕ್ಲಬ್ಬಿಂದ ಆಚೆ ಹಾಕ್ತೀರಾ?"

"ಗಡಿಯಾರಕ್ಕೆ ಟ್ಯಾಂಕ್ ಇಲ್ಲ. ತಿಳೀತಲ್ಲ?"

ಮಾತಿನಲ್ಲಿ ಹುರುಳಿತ್ತು. ಸುತ್ತುವ ವಿಮಾನದಲ್ಲಿ ಇಂಧನ ಟ್ಯಾಂಕಿನ ತಳದಲ್ಲಿ ಸುಮ್ಮನೆ ಕೂರುವುದಿಲ್ಲ. ತಿರುವಿನಲ್ಲಿ ಬಸ್ಸಿನ ಜನ ಒಂದೇ ಕಡೆಗೆ ವಾಲಿದ ಹಾಗೆ, ಸುತ್ತಿನ ಹೊರಗಡೆಯ ಗೋಡೆಗೆ ಹೋಗಿ ಒತ್ತಿಕೊಳ್ಳುತ್ತದೆ. ಇಂಜಿನ್ನಿಗೆ ಎಣ್ಣೆ ಎಳೆಯುವ ಪೈಪಿನ ಬಾಯಿ ಆ ಗೋಡೆಯ ಹಿಂದಿನ ಮೂಲೆಯಲ್ಲೇ ಇರಬೇಕು. ಇಲ್ಲದಿದ್ದರೆ ಅರ್ಧ ಟ್ಯಾಂಕು ತುಂಬಿರುವಾಗಲೇ ಇಂಜಿನ್ ನಿಲ್ಲುತ್ತದೆ. ಎಡಕ್ಕೆ ಸುತ್ತುವ ವಿಮಾನಕ್ಕೆ ಹೊರಗೋಡೆ ಬಲಗಡೆ. ಮಾವನ ಹತ್ತಿರ ಟ್ಯಾಂಕಿನ ಅಳತೆಯ ಒಂದು ರಟ್ಟಿತ್ತು. ಕ್ಲಬ್ಬಿನ ಅಷ್ಟೂ ಟ್ಯಾಂಕುಗಳು ಆ ರಟ್ಟನ್ನು ತಗಡಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದವು. ಅಷ್ಟಕ್ಕೂ ಪೈಪು ಬಲಕ್ಕೇ. ಟ್ಯಾಂಕು ಇನ್ನೊಂದು ಥರ ಇರಬಹುದೆಂದು ಮಾವನಿಗೆ ಕನಸೂ ಬಿದ್ದಿರಲಿಲ್ಲ.

ಅಕ್ಕನದು ಹೊಲಿಗೆ ಅಂಗಡಿ. ಒಂದೇ ರಟ್ಟಿನಿಂದ ಬಲತೋಳು ಕತ್ತರಿಸಿ, ಅದನ್ನೇ ಮಗುಚಿ ಎಡತೋಳು ಕತ್ತರಿಸುವುದು ಅವಳ ದಿನದ ಕೆಲಸ. ಮಾವನ ರಟ್ಟನ್ನು ಕೇಳಿ ತಂದಳು, ಮಗುಚಿದಳು, ಬಿಸ್ಕತ್ತು ಡಬ್ಬಿಯ ತಗಡಿನ ಮೇಲಿಟ್ಟು ಕತ್ತರಿಸಿದಳು. ಬೆಸುಗೆ ಹಾಕಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಪೈಪಿಗೆ ಬಾಯಿಟ್ಟು ಊದಿದಳು. ಗುಳ್ಳೆ ಬಂದ ಕಡೆ ಮತ್ತೆ ಬೆಸುಗೆ. ವಿಮಾನವನ್ನೂ ಹಾಗೇ, ತಂತಿಗಳು ಬಲರೆಕ್ಕೆಯಿಂದ ಹೊರಡುವಂತೆ ಕಟ್ಟಿದಳು.

ಗೋದಾಮಿನ ಹಿಂದಿನ ಬಯಲಿನಲ್ಲಿ ಇಬ್ಬರೂ ಕದ್ದು ಹಾರಿಸಿ ನೋಡಿದೆವು. ನೆಟ್ಟಗಿದ್ದಾಗ ಗುನುಗುತ್ತಿದ್ದ ಇಂಜಿನ್, ವಿಮಾನ ತಲೆಕೆಳಗಾದ ಕೂಡಲೇ ಎಣ್ಣೆ ಸಾಲದೆ ಕಿರುಚತೊಡಗಿತು.

"ಟ್ಯಾಂಕು ಎತ್ತರ ಕೂತಿದೆ ಕಣೋ. ತಲೆಕೆಳಗಾದ್ರೆ ಅಷ್ಟೇ ಕೆಳಗೆ ಹೋಗುತ್ತೆ, ಎಳೆಯೋಕೆ ಕಷ್ಟ" ಎಂದು ಟ್ಯಾಂಕಿನ ಅಡಿಗಿಟ್ಟಿದ್ದ ರಟ್ಟಿನ ಚೂರುಗಳಲ್ಲಿ ಒಂದನ್ನು ಕಿತ್ತಳು. ಈಗ ಸರಿಯಾಯಿತೇ ಎಂದು ನೋಡುವ ಮುಂಚೆ ಕಾವಲುಗಾರ ಬಂದು ನಮ್ಮಿಬ್ಬರನ್ನೂ ಓಡಿಸಿದ. ಇನ್ನು ಉಳಿದದ್ದು ಕ್ಲಬ್ಬಿನ ಮೈದಾನ ಒಂದೇ.

ಭಾನುವಾರ ಮಾವ ಅವಳ ವಿಮಾನದ ಹೊಟ್ಟೆ ಬಿಚ್ಚಿ ನೋಡಿದರು.

"ಹ್ಹಮ್. ಪೈಪು ಎಡಗಡೆ? ರಾಂಗ್ ಸೈಡು."

"ನನಗೆ ಲೆಫ್ಟೇ ರೈಟು ಮಾವ."

"ಎಡಕ್ಕೆ ತಿರುಗೋ ಹಾಗಿದ್ರೆ ಮೈದಾನಕ್ಕಿಳಿ. ಇಲ್ಲಾಂದ್ರೆ ಕ್ಲಬ್ಬಿನ ಬೀಗದಕೈ ಇಲ್ಲಿಟ್ಟು ಮನೆಗೆ ನಡಿ. ಇನ್ಮೇಲೆ ಈ ಕಡೆ ಬರಬೇಡ. ತಿಳೀತಲ್ಲ?"

"ತಿಳೀತು. ಒಪ್ಪಲ್ಲ."

ನೆಟ್ಟಗೆ ನಡುಮೈದಾನಕ್ಕೆ ಹೋಗಿ ಹಿಡಿ ಹಿಡಿದು ನಿಂತಳು. "ಯಾರಾದ್ರೂ ಬಂದು ವಿಮಾನ ಹಿಡೀರಿ. ಹಾರಿಸೋ ತನಕ ನಾನು ಇಲ್ಲಿಂದ ಕದಲೋದಿಲ್ಲ. ಬೇಕಾದ್ರೆ ನನ್ನ ಸುತ್ತ ಹುಲ್ಲು ಕೊಯ್ಕೊಳ್ಳಿ!"

ಯಾರೂ ಅಲುಗಲಿಲ್ಲ. ಇಂಜಿನ್ ಹೊತ್ತಿಸಿ ಬಿಡುವ ತನಕ ಸದಾ ಎಲ್ಲರ ವಿಮಾನ ಹಿಡಿದುಕೊಡುವ ಹಲ್ಲಿನ ಡಾಕ್ಟರು ತಮ್ಮ ಬೂಟು ನೋಡಿಕೊಂಡರು. ಅಷ್ಟರಲ್ಲಿ ದೂರದ ಗೇಟಿನ ಬಳಿ ಯಾರೋ ವ್ಯಾನು ತಂದು ಅಡ್ಡಡ್ಡ ನಿಲ್ಲಿಸಿದರು. ಮಾವ ಏನನ್ನು ಬೇಕಾದರೂ ಸಹಿಸುತ್ತಾರೆ, ಸೊಟ್ಟ ಪಾರ್ಕಿಂಗನ್ನು ಮಾತ್ರ ಇಲ್ಲ. ಕೈ ಬೀಸುತ್ತಾ ಆ ಕಡೆ ನಡೆದರು.

ನಾನು ಶೆಡ್ಡಿನೊಳಗೆ ಮೈಕಿನ ಮುಂದೆ ಕೂತಿದ್ದೆ. ಗಂಟಲು ತನ್ನಷ್ಟಕ್ಕೇ ಸಿದ್ಧವಾಯಿತು.

"ಹ್ಹಮ್. ಅಧ್ಯಕ್ಷ ಮಾತಾಡ್ತಿದೀನಿ. ನಮ್ಮ ಹುಡುಗಿ ಬಲಕ್ಕೆ ಹಾರಿಸ್ತಾಳೆ. ಡಾಕ್ಟ್ರೇ, ಬೂಟು ಎಲ್ಲೂ ಓಡಿಹೋಗಲ್ಲ, ವಿಮಾನ ಹಿಡೀರಿ. ತಿಳೀತಲ್ಲ?"

ಡಾಕ್ಟರು ಓಡಿದರು. ಅಕ್ಕನ ಒಂದು ಹುಬ್ಬು ಮಾತ್ರ ಶೆಡ್ಡಿನ ಕಡೆ ಏರಿ ಇಳಿಯಿತು. ಇಂಜಿನ್ ಹೊತ್ತಿತು, ವಿಮಾನ ಎದ್ದಿತು, ಅಕ್ಕ ಬಲಕ್ಕೆ ತಿರುಗಿದಳು. ಸುತ್ತಿನ ಮೇಲೆ ಸುತ್ತು. ಅರ್ಧ ಟ್ಯಾಂಕು ಖಾಲಿಯಾಗುವ ಹೊತ್ತು ಬಂತು, ಹೋಯಿತು; ಇಂಜಿನ್ ನಿಲ್ಲಲಿಲ್ಲ. ಇನ್ನು ತಲೆಕೆಳಗು. ಮಣಿಕಟ್ಟು ಬಾಗಿತು, ವಿಮಾನ ಹೊಟ್ಟೆ ಮೇಲೆ ಮಾಡಿ ಮಲಗಿತು, ಮತ್ತು ಇಂಜಿನ್ ಅದೇ ಶ್ರುತಿಯಲ್ಲಿ ಗುನುಗಿತು! ನನಗೆ ತಡೆಯಲಾಗಲಿಲ್ಲ.

"ಹ್ಹಮ್. ಇಂಥ ಟ್ಯಾಂಕು ನನ್ನ ಜನ್ಮದಲ್ಲಿ ಮಾಡಿಲ್ಲ. ನನ್ನವನ್ನೆಲ್ಲ ನಾಳೆಯಿಂದ ಹೂವಿನ ಕುಂಡ ಮಾಡ್ತೀನಿ. ತಿಳೀತಲ್ಲ?"

ಕಿಟಕಿಯಿಂದ ನೋಡಿದರೆ ಮಾವ ಮೈದಾನದ ಅಂಚಿಗೆ ಬಂದಿದ್ದರು. ಧ್ವನಿವರ್ಧಕದಲ್ಲಿ ತಮ್ಮ ದನಿ ಕೇಳಿ, ಕೈಯಿಂದ ತಮ್ಮದೇ ಗಂಟಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಜನರೆಲ್ಲ ಮಾವನ ಮುಚ್ಚಿದ ಬಾಯಿಯನ್ನು ನೋಡಿದರು, ಧ್ವನಿವರ್ಧಕವನ್ನು ನೋಡಿದರು, ಮತ್ತೆ ಮಾವನನ್ನು ನೋಡಿದರು. ಬೈಯಲು ಬಾಯಿ ತೆರೆದ ಮಾವ, ಇಂಜಿನ್ನಿನ ಸದ್ದಿಗೆ ತಲೆ ಓರೆ ಮಾಡಿ ಹಾಗೇ ನಿಂತರು.

ಎಣ್ಣೆ ಮುಗಿಯಿತು. ವಿಮಾನ ಸದ್ದಿಲ್ಲದೆ ತೇಲಿ ನೆಲ ಮುಟ್ಟಿತು. ಮಾವ ದಾಪುಗಾಲಿನಲ್ಲಿ ಹೋಗಿ ಅದನ್ನೆತ್ತಿಕೊಂಡರು.

"ಬೈಯೋದಿದ್ರೆ ಬೈಯಿರಿ ಮಾವ" ಎಂದಳು ಅಕ್ಕ. "ಬೀಗದಕೈ ಮಾತ್ರ ಕೊಡಲ್ಲ. ಮುಂದಿನ ವಾರನೂ ಬಲಕ್ಕೇ ತಿರುಗ್ತೀನಿ."

"ಇರು, ಇರು. ಎಡಗಡೆ ಪೈಪು ಪೂರಾ ಎಳೆದಿರೋಕೆ ಸಾಧ್ಯವೇ ಇಲ್ಲ. ಒಳಗೆ ಎಣ್ಣೆ ಉಳಿದಿರ್ಲೇಬೇಕು." ಟ್ಯಾಂಕು ಬಿಚ್ಚಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಸದ್ದಿಲ್ಲ. ಅಂಗೈ ಮೇಲೆ ಬಗ್ಗಿಸಿದರು. ಏನೂ ಇಲ್ಲ. ಕೊನೆಗೆ ಅದರ ಗಾಳಿಯಾಡುವ ಪೈಪಿಗೆ ಬಾಯಿಟ್ಟು ಕೆನ್ನೆ ಉಬ್ಬಿಸಿ ಊದಿದರು. ಎಣ್ಣೆಯ ಪೈಪಿನಿಂದ ಪಿಚಕ್ಕನೆ, ಇಂಧನಕ್ಕೆ ಬೆರೆಸಿದ್ದ ಹರಳೆಣ್ಣೆಯ ಒಂದು ಹನಿ ಹಾರಿ ಅವರ ಮೀಸೆಗೇ ಬಂದು ಕೂತಿತು.

"ಉಳಿದಿದೆ!" ಮಾವ ಮೀಸೆಗೆ ಬೆರಳು ತೋರಿಸಿ ಕುಣಿದರು. "ನೋಡ್ರೋ, ಒಂದು ಹನಿ ಉಳಿದಿದೆ! ಮುಂದಿನ ವಾರ ಆ ಹನೀನೂ ಸುಡಬೇಕು, ಗೊತ್ತಾಯ್ತೇನೇ? ಎಲ್ಲಿ ಅವನು, ಹೂವಿನ ಕುಂಡದವನು? ಕರ್ಕೊಂಡು ಬನ್ನಿ ಆ ಕಳ್ಳನ್ನ!"

ನಾನು ತಲೆ ತಗ್ಗಿಸದೆ ಹೊರಗೆ ಬಂದೆ. ಮಾವ ನನ್ನ ಕಿವಿ ಹಿಡಿಯಲು ಕೈ ಚಾಚಿದವರು, ನನ್ನ ಮುಖ ನೋಡುತ್ತಿದ್ದಂತೆ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತೇಬಿಟ್ಟರು. ಅಕ್ಕ ನಕ್ಕಳು, ಡಾಕ್ಟರು ನಕ್ಕರು, ಇಡೀ ಮೈದಾನ ನಕ್ಕಿತು. ಅವರೆಲ್ಲರ ನಗೆಯನ್ನೂ ಮೀರಿ, ಮೈಕಿಲ್ಲದೆ, ಗೇಟಿನಾಚೆಯ ವ್ಯಾನಿನವನೂ ತಿರುಗಿ ನೋಡುವ ಹಾಗೆ, ಮಾವ ನಕ್ಕರು.