ದೊಡ್ಡಪ್ಪನ ಮಣಿಕಟ್ಟು

ಕಾರ್ಖಾನೆಯ ಹಳೆಯ ವೆಲ್ಡಿಂಗ್ ರೋಬೋಟಿಗೆ ಎಲ್ಲರೂ ಇಟ್ಟ ಹೆಸರು ದೊಡ್ಡಪ್ಪ. ಗೊಣಗದೆ ಏಳುವುದಿಲ್ಲ, ಎದ್ದಮೇಲೆ ಯಾರ ಮಾತೂ ಕೇಳುವುದಿಲ್ಲ. ನಾವು ಮಾಡಿಕೊಟ್ಟ ಹೊಸ ಹಾರ್ನೆಸ್ ಹಾಕಿದ ಮೇಲೆ ಅವನು ಅರ್ಧ ದಿನ ಸುಮ್ಮನೆ ದುಡಿದ. ಆಮೇಲೆ ಮಣಿಕಟ್ಟು ತಿರುಗಿಸಿ ಹಿಂದಕ್ಕೆ ಬಾಗಿದವನು ಅಲ್ಲೇ ನಿಂತುಬಿಟ್ಟ. ಕೆಂಪು ದೀಪ. ತೋಳು ನೆಟ್ಟಗೆ ಮಾಡಿದರೆ ಹಸಿರು, ಮತ್ತೆ ಬಾಗಿದರೆ ಮತ್ತೆ ಕೆಂಪು.

“ನಿಮ್ಮ ವೈರು ಕೈ ಕೊಡ್ತು ನೋಡಿ,” ಎಂದರು ಎಂಜಿನಿಯರ್ ಮೇಡಂ. “ಈ ವಾರದೊಳಗೆ ಓಡದಿದ್ರೆ ಇವನನ್ನೂ ಇವನ ತಮ್ಮಂದಿರನ್ನೂ ಗುಜರಿಗೆ ಹಾಕ್ತಾರೆ.”

ಹಾರ್ನೆಸ್ ಅಂದರೆ ರೋಬೋಟಿನ ತೋಳಿನೊಳಗೆ ಹೆಗಲಿನಿಂದ ತುದಿಯವರೆಗೆ ಓಡುವ ವೈರುಗಳ ಕಟ್ಟು. ದೊಡ್ಡಪ್ಪನನ್ನು ಹುಟ್ಟಿಸಿದ ಕಂಪನಿ ಅದನ್ನು ಮಾಡುವುದನ್ನು ಎಂದೋ ನಿಲ್ಲಿಸಿದೆ. ಹಳೆ ಸಾಮಾನಿನ ವ್ಯಾಪಾರಿಗಳನ್ನೆಲ್ಲ ಕೇಳಿ, ಕೊನೆಗೆ ಒಬ್ಬರ ಗೋದಾಮಿನಲ್ಲಿ ಚೀಲ ಒಡೆಯದ ಅಸಲಿ ಹಾರ್ನೆಸ್ ಒಂದು ಸಿಕ್ಕಿತು. ಖುಷಿಯಿಂದ ಬಗ್ಗಿಸಿದೆ, ಮೇಲಿನ ಹೊದಿಕೆ ಒಣಗಿದ ಕೆಸರಿನ ಹಾಗೆ ಬಿರಿಯಿತು. ಅದನ್ನೇ ಅಳತೆಗೆ ಇಟ್ಟುಕೊಂಡು ನಾನೂ ನನ್ನ ಅತ್ತೆಯೂ ಅವರ ವೈರಿಂಗ್ ಅಂಗಡಿಯಲ್ಲಿ ಹೊಸದನ್ನು ಕಟ್ಟಿದ್ದೆವು.

ಕಟ್ಟುವುದರಲ್ಲಿ ಅತ್ತೆ ಎತ್ತಿದ ಕೈ. ಲಿಫ್ಟಿನ ಕಂಟ್ರೋಲ್ ಪೆಟ್ಟಿಗೆಗಳಿಗೆ ವೈರು ಕಟ್ಟುತ್ತಲೇ ಅವರ ಕೂದಲು ನರೆತದ್ದು. ಮೇಣ ಹಚ್ಚಿದ ದಾರ, ಬೆರಳಗಲಕ್ಕೊಂದು ಗಂಟು. ಗಂಟು ಬಿದ್ದಮೇಲೆ ಒಳಗಿನ ವೈರು ಉಸಿರಾಡಬಾರದು. ಅವರ ಕಟ್ಟನ್ನು ಒಂದು ತುದಿ ಹಿಡಿದು ಎತ್ತಿದರೆ ಒನಕೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಸಡಿಲ ಕಟ್ಟು ಅವರ ಲೆಕ್ಕದಲ್ಲಿ ಸೋಮಾರಿಯ ಕೆಲಸ. ನಾನು ಸೊಸೆಯಾಗಿ ಬಂದಾಗ ಅಡುಗೆಮನೆ ತೋರಿಸುವ ಮುಂಚೆ ಆ ಗಂಟು ಕಲಿಸಿದ್ದರು.

ಈಗ ಅವರಿಗೆ ಕಣ್ಣು ಮಂಜು, ಬೆರಳಿನ ಗೆಣ್ಣುಗಳಲ್ಲಿ ಊತ. “ಈ ಕೆಲಸ ದಡ ಸೇರಿದ್ರೆ ಅಂಗಡಿ ನೀನು ನಡೆಸು. ಇಲ್ದಿದ್ರೆ ಬಾಗಿಲು ಹಾಕೋಣ, ನನಗೂ ಸಾಕಾಗಿದೆ,” ಎಂದಿದ್ದರು. ನನಗೆ ಆ ಅಂಗಡಿ ಬೇಕಿತ್ತು. ಬೆಸುಗೆಯ ವಾಸನೆ, ಬಣ್ಣಬಣ್ಣದ ವೈರಿನ ಸುರುಳಿಗಳು, ಗೀರು ಬಿದ್ದ ಆ ಉದ್ದನೆಯ ಮೇಜು, ಎಲ್ಲವೂ ಬೇಕಿತ್ತು. ಅದಕ್ಕೇ ಕೆಂಪು ದೀಪ ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ.

ಹಾರ್ನೆಸ್ ಬಿಚ್ಚಿಸಿ ಅಂಗಡಿಗೆ ತಂದು ಮೀಟರ್ ಹಿಡಿದೆವು. ವೈರು ಎಲ್ಲೂ ತುಂಡಾಗಿರದಿದ್ದರೆ ಮೀಟರ್ ಕುಂಯ್ ಎನ್ನುತ್ತದೆ. ಎಲ್ಲ ವೈರೂ ಕುಂಯ್ ಎಂದವು, ಒಂದೂ ತಪ್ಪಿಲ್ಲ.

“ನೋಡಿದ್ಯಾ? ನಮ್ಮದು ಸರಿಯಾಗಿದೆ. ಆ ಮುದುಕಂಗೇ ಅರಳುಮರಳು,” ಎಂದರು ಅತ್ತೆ.

ಆದರೆ ನಾವು ಮೇಜಿನ ಮೇಲೆ ಮಲಗಿಸಿ ಪರೀಕ್ಷೆ ಮಾಡಿದ್ದೆವು. ದೊಡ್ಡಪ್ಪ ಮಲಗಿಕೊಂಡು ಕೆಲಸ ಮಾಡುವುದಿಲ್ಲವಲ್ಲ! ಹಾರ್ನೆಸನ್ನು ನಿಧಾನ ಬಗ್ಗಿಸುತ್ತಾ ಮತ್ತೆ ಮೀಟರ್ ಹಿಡಿದೆ. ಒಂದು ಹಳದಿ ವೈರು ಬಾಯಿ ಮುಚ್ಚಿಕೊಂಡಿತು. ಅತ್ತೆ ಬೇಡವೆನ್ನುವ ಮುಂಚೆಯೇ ಆ ಜಾಗದ ದಾರ ಕತ್ತರಿಸಿ ಬಿಡಿಸಿದೆ. ಬಾಗಿನ ಹೊರಮಗ್ಗುಲಿಗಿದ್ದ ಹಳದಿ ವೈರು ಗಂಟಿನ ಪಕ್ಕದಲ್ಲೇ ಒಳಗೊಳಗೇ ಮುರಿದಿತ್ತು. ಒಳಮಗ್ಗುಲಿನ ವೈರುಗಳು ಸುಕ್ಕಾಗಿ ಉಬ್ಬಿದ್ದವು.

ಯಾಕೆ ಹೀಗೆ? ಸುಮ್ಮನೆ ನನ್ನ ಮೊಣಕೈ ಮಡಚಿದೆ. ಬಿಗಿ ತೋಳಿನ ಅಂಗಿ ಹೊರಗಡೆ ಜಗ್ಗಿತು, ಒಳಗಡೆ ಮುದುಡಿತು. ಬಾಗುವಾಗ ವೈರುಗಳು ಒಂದರ ಪಕ್ಕ ಒಂದು ಜಾರಬೇಕು, ಗಂಟು ಬಿಡುತ್ತಿಲ್ಲ. ಅಲುಗಾಡದ ಪೆಟ್ಟಿಗೆಗೆ ಯಾವುದು ಒಳ್ಳೆಯ ಕೆಲಸವೋ ಅದೇ ಈ ತೋಳಿಗೆ ಉರುಳು.

ಮುರಿದ ವೈರನ್ನು ಅವರ ಮುಂದಿಟ್ಟೆ. “ಅತ್ತೆ, ಗಂಟು ಬಿಗಿಯಾಯ್ತು.”

“ಗಂಟು ಬಿಗಿಯಾಗದೆ ಇನ್ನೇನಾಗ್ಬೇಕು?” ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ವಾದ ಮಾಡಿ ಗೆಲ್ಲಬಹುದಾದ ಹೆಂಗಸಲ್ಲ ಅವರು. ಹಳೆ ಕಾರಿನ ವೈಪರ್ ಮೋಟಾರನ್ನು ಒಂದು ಹಲಗೆಗೆ ಬಿಗಿದು, ಅದಕ್ಕೆ ಎರಡು ಕಟ್ಟು ತಗುಲಿಸಿದೆ, ಒಂದು ಅವರ ಗಂಟಿನದು, ಇನ್ನೊಂದು ಸಡಿಲದ್ದು. ಎರಡಕ್ಕೂ ಒಂದೊಂದು ಚಿಕ್ಕ ಬಲ್ಬು. ಮೋಟಾರು ಅತ್ತ ಇತ್ತ ಬಗ್ಗಿಸತೊಡಗಿತು. ಅತ್ತೆ ಕುರ್ಚಿ ಎಳೆದುಕೊಂಡು ಎದುರಿಗೇ ಕುಳಿತರು. “ಸಡಿಲದ್ದು ಮೊದಲು ಹೋಗತ್ತೆ ನೋಡ್ತಿರು,” ಎಂದರು. ನಾನೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕುಳಿತೆ. ಎರಡನೆಯ ದಿನ ಮಧ್ಯಾಹ್ನ ಒಂದು ಬಲ್ಬು ಮಿಣಕ್ ಎಂದು ಆರಿತು. ಅವರ ಗಂಟಿನದು.

ಅತ್ತೆ ಎದ್ದು ಮೋಟಾರು ನಿಲ್ಲಿಸಿದರು. ತಮ್ಮ ಗಂಟುಗಳ ಮೇಲೆ ಒಂದೊಂದಾಗಿ ಕೈಯಾಡಿಸಿದರು. ಆಮೇಲೆ ಅವರೇ ಕತ್ತರಿ ತೆಗೆದುಕೊಂಡು ದೊಡ್ಡಪ್ಪನ ಹಾರ್ನೆಸಿನ ಗಂಟುಗಳನ್ನೆಲ್ಲ ಕತ್ತರಿಸಿ, ಹಳದಿ ವೈರು ಬದಲಿಸಿ ಹೊಸದಾಗಿ ಕಟ್ಟಲು ಕುಳಿತರು. ಅಭ್ಯಾಸಬಲ, ಪ್ರತಿ ಗಂಟೂ ಬಿಗಿಯೇ ಬೀಳುತ್ತಿತ್ತು. “ಈ ಕೈಗೆ ಸಡಿಲ ಬರೋದೇ ಇಲ್ವಲ್ಲ!” ಎಂದು ರೇಗಿದರು. ಕೊನೆಗೆ ಊದಿದ ತೋರುಬೆರಳನ್ನೇ ವೈರುಗಳ ಮೇಲಿಟ್ಟು ಅದನ್ನೂ ಸೇರಿಸಿ ಗಂಟು ಹಾಕಿ, ಬೆರಳನ್ನು ಮೆಲ್ಲಗೆ ಹೊರಗೆಳೆದರು. ಬೆರಳಿನಷ್ಟು ಜಾಗ ಉಳಿಯಿತು.

ಶುಕ್ರವಾರ ದೊಡ್ಡಪ್ಪ ಗೊಣಗಿ ಎದ್ದ. ಮಣಿಕಟ್ಟು ತಿರುಗಿಸಿದ, ಹಿಂದಕ್ಕೆ ಬಾಗಿದ, ನಿಲ್ಲಲಿಲ್ಲ. ಸಂಜೆಯವರೆಗೂ ನಿಲ್ಲಲಿಲ್ಲ. ಮೇಡಂ ಉಳಿದ ರೋಬೋಟುಗಳ ಕೆಲಸವನ್ನೂ ನಮಗೇ ಒಪ್ಪಿಸಿದರು.

ಮರುದಿನ ಎರಡನೆಯ ರೋಬೋಟಿನ ವೈರುಗಳು ಮೇಜಿನ ಮೇಲೆ ಬಂದವು. ಹೆಗಲಿನ ಬಾಗು ಬರುವ ಜಾಗದಲ್ಲಿ ಅತ್ತೆ ಕೈ ನಿಲ್ಲಿಸಿದರು. ನಾನು ಈ ಮನೆಗೆ ಬಂದಾಗಿನಿಂದ “ಹೀಗೆ ಮಾಡು” ಎಂದವರೇ ಹೊರತು, ಒಮ್ಮೆಯೂ ನನ್ನನ್ನು ಏನೂ ಕೇಳಿದವರಲ್ಲ.

“ಇಲ್ಲಿ ಎಷ್ಟು ಬಿಡ್ಬೇಕು? ನೀನೇ ಹೇಳು.”

ಎರಡು ಬೆರಳು ತೋರಿಸಿದೆ. ಅತ್ತೆ ದಾರವನ್ನು ನನ್ನ ಕೈಗೆ ಕೊಟ್ಟು, ತಮ್ಮ ಎರಡು ಬೆರಳನ್ನು ವೈರುಗಳ ಮೇಲಿಟ್ಟರು.