ಅಪ್ಪನ ಎರಡನೇ ಪರೀಕ್ಷೆ

ತಾನೇ ಪದಗಳನ್ನು ಗಡಿಬಿಡಿಯಲ್ಲಿ ಓದಿಬಿಟ್ಟಿದ್ದನೇ? ಫ್ಯಾನಿನ ಸದ್ದಿಗೆ ಅಪ್ಪನಿಗೆ ಕೇಳಿಸಲಿಲ್ಲವೇ? ಇಲ್ಲ, ಕಲಿಸಿಕೊಟ್ಟ ಹಾಗೆಯೇ ಒಂದೊಂದನ್ನೂ ಬಿಡಿಸಿ ಓದಿದ್ದ. ಅಪ್ಪನೂ ಪ್ರತಿ ಪದಕ್ಕೆ ತಲೆಯಾಡಿಸಿದ್ದರು. ಆದರೂ ಸ್ವಲ್ಪ ಹೊತ್ತು ಬೇರೆ ಮಾತಾಡಿಸಿ, ಈಗ ಆ ಪದಗಳನ್ನು ಹೇಳಿ ಎಂದಾಗ ಅವರ ಬಾಯಿಂದ ಬಂದದ್ದು ‘ಬಾಗಿಲು’ ಒಂದೇ. ಆಮೇಲೆ, “ಯಾವ ಪದ?” ಎಂದು ಮಗನನ್ನೇ ಕೇಳಿದ್ದರು.

ಮನಃಶಾಸ್ತ್ರದ ಎಂ.ಎ. ಓದುವವರ ಪರಿಪಾಠವೇ ಹಾಗೆ. ನೆನಪಿನ ಪರೀಕ್ಷೆ ಮಾಡಿ ಕೈ ಪಳಗಿಸಿಕೊಳ್ಳಲು ಯಾರಾದರೂ ಬೇಕು. ಪುಕ್ಕಟೆ ಸಿಗುವವರು ಮನೆಯವರು. ಒಬ್ಬ ತನ್ನ ಅಜ್ಜಿಯನ್ನು ಕೂರಿಸಿದ, ಇನ್ನೊಬ್ಬಳು ಗಂಡನನ್ನು. ಇವನು ಸರಕಿನ ಯಾರ್ಡಿನಲ್ಲಿ ಕ್ರೇನ್ ನಡೆಸುವ ಅಪ್ಪನನ್ನು.

“ದಿನಾ ಕೆಲಸಕ್ಕೆ ಹೋಗೋ ಮನುಷ್ಯರಿಗೆ ಇಷ್ಟು ಕಮ್ಮಿ ಬರುತ್ತೇನಪ್ಪಾ?” ಎಂದರು ಕಾಲೇಜಿನ ಮೇಡಂ, ಅಂಕ ನೋಡಿ. “ನೀನೇ ಎಲ್ಲೋ ಎಡವಿದೀಯ. ಇನ್ನೊಂದ್ಸಲ ಮಾಡು. ಆಗಲೂ ಹೀಗೇ ಆದ್ರೆ ತಡಮಾಡದೆ ಡಾಕ್ಟರಿಗೆ ತೋರಿಸು. ನೆನಪಿರಲಿ, ಆಸ್ಪತ್ರೆ ತರಬೇತಿಗೆ ಆರಿಸೋದು ನೀನು ಪರೀಕ್ಷೆ ಹೇಗೆ ಮಾಡ್ತೀಯ ಅನ್ನೋದನ್ನ ನೋಡೇ.”

ಆ ತರಬೇತಿ ಸಿಗದಿದ್ದರೆ ಯಾವುದೋ ಕಂಪನಿಯಲ್ಲಿ ಕೆಲಸ ಕೇಳಿ ಬಂದವರನ್ನು ಜರಡಿ ಹಿಡಿಯುತ್ತ ಕೂರಬೇಕು. ಪರೀಕ್ಷೆ ಮತ್ತೆ ಮಾಡಬೇಕಂತೆ ಎಂದಷ್ಟೇ ಅವನು ಮನೆಯಲ್ಲಿ ಹೇಳಿದ. ಅಮ್ಮ ಅಪ್ಪನ ಮೇಲೆ ಹರಿಹಾಯ್ದಳು.

“ಓದೋದು ಅವನು, ಫೇಲಾಗೋದು ನೀವು! ನಾಲ್ಕು ಪದ ನೆಟ್ಟಗೆ ಹೇಳೋಕಾಗಲ್ವಾ?”

“ಮನಸ್ಸು ಓದೋನಲ್ವಾ,” ತಂಗಿ ಕಣ್ಣು ಮಿಟುಕಿಸಿದಳು. “ಹೇಳೋ ಅಣ್ಣಾ, ನನ್ನ ಮನಸ್ಸಲ್ಲಿ ಏನಿದೆ?”

“ನನ್ನ ಚಾರ್ಜರ್. ಕೊಡು ಇಲ್ಲಿ.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅಪ್ಪ.

ಮರುದಿನ ಸ್ನಾನ ಮುಗಿಸಿ ಬರುವಾಗ ಅಡುಗೆಮನೆಯಿಂದ ಅಮ್ಮನ ದನಿ ಕೇಳಿಸಿತು. ಅವನು ಮೇಜಿನ ಮೇಲೆ ಬಿಟ್ಟಿದ್ದ ಪದಗಳ ಚೀಟಿ ಅವಳ ಕೈಯಲ್ಲಿತ್ತು.

“ಬಾಗಿಲು. ಆಮೇಲೆ?”

“ನದಿ.”

“ಅದಾದ್ಮೇಲೆ?”

“ನೀನು ಹೇಳ್ಬೇಡ ಕಣೇ... ತಡಿ, ಹೇಳ್ತೀನಿ.”

ಪ್ರಶ್ನೆ ಬಯಲಾದರೆ ಬಳಸಲೆಂದೇ ಇನ್ನೊಂದು ಪದಪಟ್ಟಿ ಇರುತ್ತದೆ. ಅದು ಅವನ ಚೀಲದಲ್ಲೇ ಇತ್ತು. ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಶಾಲೆಯ ಹುಡುಗನಂತೆ ಎದುರಿಗೆ ಕೂತರು. ಅವನು ಚೀಲಕ್ಕೆ ಕೈ ಹಾಕಿದ. ಬರಿಗೈಯನ್ನೇ ಹೊರಗೆ ತೆಗೆದ. ಹಳೆಯ ಪದಗಳನ್ನೇ ಓದಿದ. ಅಪ್ಪ ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಸಿ, ಹಣೆಯ ಬೆವರು ಒರೆಸಿಕೊಂಡರು.

“ಈಗ ಪಾಸಾದ್ಯೇನೋ?”

“ಹೂಂ ಅಪ್ಪಾ.”

ಆಸ್ಪತ್ರೆಯ ತರಬೇತಿ ಸಿಕ್ಕಿತು. ಅಲ್ಲಿ ಮೊದಲು ಕಲಿಸಿದ್ದು, ಎದುರಿಗಿದ್ದವರು ಸುಮ್ಮನಾದರೆ ನಡುವೆ ಬಾಯಿ ಹಾಕದೆ ಕಾಯುವುದನ್ನು. ಅದು ಅವನಿಗೆ ನೀರು ಕುಡಿದಷ್ಟು ಸಲೀಸಾಗಿ ಬಂತು.

ಚಳಿಗಾಲದಲ್ಲಿ ಯಾರ್ಡಿನಲ್ಲಿ ಅಪ್ಪನ ಕ್ರೇನಿನಿಂದ ಕಬ್ಬಿಣದ ಹಾಳೆಗಳ ಕಟ್ಟು ಮನುಷ್ಯನ ಮೇಲೆ ಇಳಿಯಿತು. ಕೆಳಗಿದ್ದವನು ಸಿಳ್ಳೆ ಮಾಮ. ಸರಕಿಗೆ ಸರಪಳಿ ಬಿಗಿದು, ಸಿಳ್ಳೆ ಹಾಕಿ ಕ್ರೇನಿಗೆ ಸನ್ನೆ ಕೊಡುವವನು, ಅಪ್ಪನ ಬಹುಕಾಲದ ಜೊತೆಗಾರ. ಬಲಗಾಲು ತೆಗೆಯಬೇಕಾಯಿತು.

“ಸಿಳ್ಳೆ ಕೇಳಿಸ್ತು ಕಣೋ,” ಅಪ್ಪ ಗೋಡೆ ನೋಡುತ್ತ ಹೇಳಿದರು. “ಅದಕ್ಕೆ ಎತ್ಬೇಕಾ ಇಳಿಸ್ಬೇಕಾ, ತಲೆಗೇ ಬರ್ಲಿಲ್ಲ.”

ಅವನು ವಾರ್ಡಿಗೆ ಒಬ್ಬನೇ ಹೋದ. ಹೊದಿಕೆ ಒಂದು ಕಡೆ ಮಂಚಕ್ಕೆ ಅಂಟಿದಂತೆ ಚಪ್ಪಟೆಯಾಗಿತ್ತು.

“ನಿಮ್ಮಪ್ಪನ್ನ ಬೈಬೇಡ್ರೋ,” ಎಂದ ಸಿಳ್ಳೆ ಮಾಮ. “ನನ್ನ ಸಿಳ್ಳೆ ಒಂದು ದಿನಾನೂ ತಪ್ಪಿಸಿದೋನಲ್ಲ. ಅಲ್ವೋ, ನೀನು ತಲೆ ವಿಷಯ ಓದಿದೋನು. ಅವನಿಗೆ ಇದ್ದಕ್ಕಿದ್ದಂಗೆ ಏನಾಯ್ತು? ಮೊದ್ಲೇ ಏನೂ ಗೊತ್ತಾಗ್ತಿರ್ಲಿಲ್ವಾ?”

ಪಕ್ಕದ ಮಂಚದವನು ಕೆಮ್ಮಿದ. ಸಿಳ್ಳೆ ಮಾಮ ಕಾದ.

“ನೀರು ಬೇಕಾ ಮಾಮಾ?” ಎಂದ ಅವನು.

ಮೊದಲನೆಯ ಸಲ ಅಪ್ಪ ಒಂದೇ ಪದ ಹೇಳಿದ್ದರೆಂದು ಅವನು ಅಂದು ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ.