ಬಿಳಿ ಕಾರಿನ ಕೆಂಪು ಗೀರು

ಬಾಗಿಲ ಮೇಲೆ ಗೇಣುದ್ದದ ಕೆಂಪು ಗೀರು. ಅಷ್ಟಕ್ಕೇ ಕಿರಿಸೊಸೆಯ ಮಗಳು ಅಮ್ಮನ ಕಾರು ಬಿಟ್ಟು ದೊಡ್ಡಪ್ಪನ ಕಾರು ಹತ್ತುವಂತಾಗಿತ್ತು.

"ಗೇಟಿಗೆ ಉಜ್ಜಿದ್ದೂ ಗೊತ್ತಾಗ್ಲಿಲ್ಲ ಅಂದ್ರೆ ಹೇಗಮ್ಮಾ?" ಎಂದಿದ್ದರು ಭಾವ, ಊಟಕ್ಕೆ ಕೂತಾಗ, ಎಲ್ಲರೆದುರು. "ಹೊಲಿಗೆ ಮೆಷಿನ್ ಬೇರೆ, ಇದು ಬೇರೆ. ಇಷ್ಟು ವರ್ಷದಿಂದ ಓಡಿಸ್ತಿದೀನಿ, ನನ್ನ ಗಾಡಿ ಮೇಲೆ ಒಂದು ಗೆರೆ ತೋರಿಸಿ ನೋಡೋಣ!"

ಅತ್ತೆ ತೀರ್ಪು ಕೊಟ್ಟೇಬಿಟ್ಟರು. "ಮಗು ಶಾಲೆಗೆ ದೊಡ್ಡಪ್ಪನ ಜೊತೆ ಹೋಗ್ಲಿ. ನಿನ್ನ ಕೈ ಕುದುರಲಿ, ಆಮೇಲೆ ನೋಡೋಣ."

ಗೇಟು ಕೆಂಪು, ಗೀರೂ ಕೆಂಪು. ಅವಳೋ ಇಡೀ ದಿನ ಹೊಲಿಗೆ ಅಂಗಡಿಯಲ್ಲಿ ಬೆನ್ನು ಬಗ್ಗಿಸಿ, ದಣಿದು ಮನೆಗೆ ಬರುವವಳು. ತನ್ನದೇ ತಪ್ಪಿರಬಹುದೆಂದು ಅರ್ಧ ನಂಬಿಯೂ ಇದ್ದಳು. ನೋವಾದದ್ದು ಬೇರೆಯದಕ್ಕೆ. ಜಡೆ ಹಾಕಿಸಿಕೊಳ್ಳುತ್ತಾ ಮಗಳು ಶುರು ಮಾಡುತ್ತಿದ್ದ ಕಥೆಯ ಉಳಿದರ್ಧ ಕಾರಿನಲ್ಲಿ ಸಿಗುತ್ತಿತ್ತು. ಈಗ ಅದು ಭಾವನ ಪಾಲು.

ಗ್ಯಾರೇಜಿನ ಪೇಂಟರ್ ಗೀರಿನ ಮೇಲೆ ಉಗುರು ಎಳೆದು ನೋಡಿದ.

"ಬಾಗಿಲು ಪೂರ್ತಿ ಬಣ್ಣ ಹೊಡೀಬೇಕಾ? ಇಲ್ಲಾ ಗೀರಿಗಷ್ಟೇ ಬ್ರಶ್ ಆಡಿಸಿದ್ರೆ ಸಾಕಾ?" ಎಂದಳು.

"ಎರಡೂ ಬೇಡ ಬಿಡಿ ಅಕ್ಕ. ಉಗುರು ಸಿಕ್ಕಲ್ಲ ನೋಡಿ. ನಿಮ್ಮ ಬಣ್ಣ ಎಲ್ಲೂ ಹೋಗಿಲ್ಲ. ಬೇರೆ ಬಣ್ಣ ಬಂದು ಮೆತ್ಕೊಂಡಿದೆ, ಅಷ್ಟೇ. ಪಾಲಿಶ್ ಹಾಕಿ ಉಜ್ಜಿದ್ರೆ ಮಾಯ." ಹೇಳುತ್ತಲೇ ಬಟ್ಟೆಯಿಂದ ಒಂದು ಮೂಲೆ ಉಜ್ಜಿದ.

"ತಡೀರಿ!"

ಅವನ ಕೈಯಿಂದ ಬಟ್ಟೆ ಕಸಿದುಕೊಂಡು ಬಿಸಿಲಿಗೆ ಹಿಡಿದಳು. ಬಟ್ಟೆಗೆ ದಾರ ಹೊಂದಿಸಿ ಹೊಂದಿಸಿ ಪಳಗಿದ ಕಣ್ಣು. ಗೇಟಿನದು ಇಟ್ಟಿಗೆಪುಡಿಯಂಥ ಮಂಕು ಕೆಂಪು. ಇದು ಗಾಢ ಕೆಂಪು, ಮೇಲೆ ಸಣ್ಣ ಮಿನುಗು. ಇಂಥ ಮಿನುಗು ಅವರ ಅಂಗಳದಲ್ಲಿ ಒಂದೇ ಕಡೆ ಇತ್ತು, ಭಾವನ ಕೆಂಪು ಕಾರಿನ ಮೇಲೆ. ಆ ಕಾರಿನ ಹಿಂದಿನ ಮೂಲೆಗೆ, ಗೀರು ಬಿದ್ದ ಮರುದಿನವೇ, ಭಾವ ಒಂದು ದೊಡ್ಡ ಸ್ಟಿಕರ್ ಅಂಟಿಸಿಕೊಂಡು ಬಂದಿದ್ದರು: ಅಂತರ ಕಾಯ್ದುಕೊಳ್ಳಿ.

ಅವಳು ಬಟ್ಟೆಯನ್ನು ಅವನಿಗೆ ಮರಳಿಸಿದಳು. ಮುಖದಲ್ಲಿ ನಗು.

"ಉಜ್ಜೋದು ಬೇಡ. ಆ ಪಾಲಿಶ್ ಡಬ್ಬಿ ಕೊಡಿ. ಉಜ್ಜೋರು ಮನೇಲಿದಾರೆ."

ರಜೆಯ ದಿನ ಎಲ್ಲರೂ ಅಂಗಳದಲ್ಲಿದ್ದಾಗ, ಒಗೆದಿಟ್ಟಿದ್ದ ಹೊಸ ಬಿಳಿ ಬಟ್ಟೆ ತಂದು ಭಾವನ ಕೈಗಿತ್ತಳು. "ಉಜ್ಜಿದ್ರೆ ಹೋಗತ್ತಂತೆ ಭಾವ. ನನ್ನ ಕೈ ಇನ್ನೂ ಕುದುರಿಲ್ಲ ನೋಡಿ, ನಿಮ್ಮ ಕೈಯಿಂದಲೇ ಆಗಲಿ."

ಹೊಗಳಿಕೆಗೆ ಭಾವ ಉಬ್ಬಿದರು. ತೋಳು ಮಡಚಿ, "ನೋಡ್ಕೋ, ಕಲ್ತ್ಕೋ" ಎನ್ನುತ್ತಾ ಬೆವರು ಸುರಿಯುವಷ್ಟು ಉಜ್ಜಿದರು. ಬಾಗಿಲು ಹಾಲಿನಂತೆ ಬೆಳ್ಳಗಾಯಿತು.

ಅವಳು ಬಟ್ಟೆ ಇಸಿದುಕೊಂಡು ಗೇಟಿನ ಮೇಲೆ ಹರಡಿದಳು. "ಅತ್ತೆ, ಸ್ವಲ್ಪ ಹತ್ತಿರ ಬನ್ನಿ. ಇವೆರಡೂ ಒಂದೇ ಬಣ್ಣವಾ?"

ಅತ್ತೆ ಕನ್ನಡಕ ಏರಿಸಿದರು. ಅವಳು ಅದೇ ಬಟ್ಟೆಯನ್ನು ಭಾವನ ಕಾರಿನ ಮೇಲಿಟ್ಟಳು. ಕಲೆ ಯಾವುದು, ಕಾರು ಯಾವುದು ಗೊತ್ತಾಗಲಿಲ್ಲ.

"ರೀ," ಎಂದಳು ಓರಗಿತ್ತಿ, "ಆ ಸ್ಟಿಕರ್ ಯಾಕೆ ಅಂತ ನಾನು ಅವತ್ತೇ ಕೇಳಿದ್ನಲ್ಲ?"

ಅತ್ತೆ ತಾವೇ ಬಗ್ಗಿ ಸ್ಟಿಕರ್ ಕಿತ್ತರು. ಅಡಿಯಲ್ಲಿ ಗೇಣುದ್ದದ ಬಿಳಿ ಗೀರು.

"ಕತ್ತಲಲ್ಲಿ ರಿವರ್ಸ್ ತಗೊಳ್ವಾಗ... ಹೇಳ್ಬೇಕು ಅಂತಾನೇ ಇದ್ದೆ..." ಭಾವನ ಮುಖ ಇಂಗು ತಿಂದ ಮಂಗನಂತಾಯಿತು.

"ನಾಳೆಯಿಂದ ಮಗು ಅಮ್ಮನ ಜೊತೆ ಹೋಗ್ಲಿ" ಎಂದು ಅತ್ತೆ ಒಳಗೆ ನಡೆದರು.

ಅಲ್ಲಿಗೆ ಮುಗಿಯಬೇಕಿತ್ತು. ಅವಳು ಮುಗಿಸಲಿಲ್ಲ. ಆ ಬಟ್ಟೆಯನ್ನು ಒಗೆಯದೆ, ನಾಲ್ಕೂ ಅಂಚು ಮಡಚಿ ಅಚ್ಚುಕಟ್ಟಾಗಿ ಹೊಲಿದು, ಎಲ್ಲರ ಕಾರಿನ ಕೀ ತೂಗುವ ಮೊಳೆಗೆ ನೇತುಹಾಕಿದಳು. ಅದನ್ನು ಸರಿಸದೆ ಭಾವನಿಗೆ ಕೀ ಸಿಗುವಂತಿರಲಿಲ್ಲ.

"ಇನ್ನಾದ್ರೂ ಅದನ್ನ ತೆಗಿಯಮ್ಮಾ," ಎಂದರು ಒಂದು ಬೆಳಿಗ್ಗೆ, ಮೆಲ್ಲಗೆ. "ಬಂದವ್ರೆಲ್ಲ ಕೇಳ್ತಾರೆ."

"ಒಳ್ಳೇ ಬಟ್ಟೆ ಭಾವ. ಬಿಸಾಡೋಕೆ ಮನಸ್ಸೇ ಬರಲ್ಲ."

ತನ್ನ ಕೀ ತೆಗೆದುಕೊಂಡು, ಕಲೆ ಎದುರಿಗೇ ಕಾಣುವಂತೆ ಬಟ್ಟೆಯನ್ನು ಮತ್ತೆ ಸರಿಪಡಿಸಿ, ಅವಳು ಮಗಳನ್ನು ಕೂಗಿದಳು.